ರೀಮಿಕ್ಸ್ ಹಾಡು ಹಾಕಿದ ವಿಡಿಯೊಗೆ ಫೇರ್ ಯೂಸ್ ಯಾವಾಗ ಸಿಗುತ್ತದೆ, ಯಾವಾಗ ಸಿಗೋದಿಲ್ಲ: ಸಮಗ್ರ ಮಾರ್ಗದರ್ಶಿ

ಡಿಜೆ ರೀಮಿಕ್ಸ್, ಸ್ಲೋ ಮಾಡಿ ರಿವರ್ಬ್ ಸುರಿದ ವರ್ಷನ್, ಎರಡು ಹಾಡು ಬೆರೆಸಿದ ಮ್ಯಾಶಪ್, ಯೂಟ್ಯೂಬ್‌ನಲ್ಲಿ ಇಂಥ ಯಾವುದನ್ನಾದರೂ ತೆರೆದು ಡಿಸ್ಕ್ರಿಪ್ಶನ್ ನೋಡಿ. ಎಲ್ಲೆಲ್ಲೂ ಒಂದು ಪ್ಯಾರಾ ಕಣ್ಣಿಗೆ ಬೀಳುತ್ತದೆ: 1976ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ಇದು ಫೇರ್ ಯೂಸ್ (ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ), ಯಾರ ಹಕ್ಕಿಗೂ ಧಕ್ಕೆ ತರುವ ಉದ್ದೇಶ ನಮಗಿಲ್ಲ, ಅಂತ. ಅದು ಅಮೆರಿಕದ ಕಾಯ್ದೆ. ಅಪ್‌ಲೋಡ್ ಮಾಡಿದವರು ಗದಗದಲ್ಲೋ ದಾವಣಗೆರೆಯಲ್ಲೋ ಇರುತ್ತಾರೆ. ಇಷ್ಟಕ್ಕೂ ಆ ಪ್ಯಾರಾ ಹಾಕಿದ್ದಕ್ಕೆ ಅಮೆರಿಕದಲ್ಲೂ ಯಾವ ರಕ್ಷಣೆಯೂ ಸಿಗುವುದಿಲ್ಲ.

ಹಾಗಂತ ಫೇರ್ ಯೂಸ್ ಅನ್ನೋದು ಬರೀ ಮಾತಲ್ಲ. ಅದನ್ನು ಹಿಡಿದು ಕೋರ್ಟ್‌ನಲ್ಲಿ ಗೆದ್ದವರಿದ್ದಾರೆ. ಆದರೆ ಅದು ಮೊದಲೇ ಸಿಗುವ ಪರವಾನಗಿ ಅಲ್ಲ. ನಿಮ್ಮ ಮೇಲೆ ಆರೋಪ ಬಂದಮೇಲೆ ನೀವು ಕೊಡುವ ಉತ್ತರ. ಆ ಉತ್ತರ ನಿಲ್ಲಬೇಕಾದರೆ ವಿಡಿಯೊ ಎಡಿಟ್ ಮಾಡುವಾಗಲೇ ಅದಕ್ಕೆ ತಯಾರಿ ಆಗಿರಬೇಕು.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಎರಡು ವಿಡಿಯೊ ಇಟ್ಟುಕೊಳ್ಳೋಣ. ಒಂದು, ಮುಳ್ಳಯ್ಯನಗಿರಿಯ ಡ್ರೋನ್ ಶಾಟ್‌ಗಳು, ಹಿಂದೆ 80ರ ದಶಕದ ಒಂದು ಚಿತ್ರಗೀತೆಗೆ ಹೊಸ ಬೀಟ್ ಕೂರಿಸಿದ ರೀಮಿಕ್ಸ್. ಇದನ್ನು ಡ್ರೋನ್ ವಿಡಿಯೊ ಅನ್ನೋಣ. ಇನ್ನೊಂದು, ಅದೇ ಹಾಡನ್ನು ಬಿಚ್ಚಿ, ತಬಲಾ ಇದ್ದ ಕಡೆ ಡ್ರಮ್ ಮಷೀನ್ ಇಟ್ಟು, ಲಯ ಬದಲಾದ ಕೂಡಲೇ ವಿರಹದ ಹಾಡು ಕುಣಿಯುವ ಹಾಡು ಹೇಗಾಯಿತು ಅಂತ ನಿಮ್ಮ ದನಿಯಲ್ಲೇ ವಿವರಿಸುವ ವಿಡಿಯೊ. ಇದು ಪಾಠದ ವಿಡಿಯೊ. ಹಾಡು ಒಂದೇ, ರೀಮಿಕ್ಸೂ ಹೆಚ್ಚುಕಡಿಮೆ ಒಂದೇ. ಆದರೆ ಫಲಿತಾಂಶ ಬೇರೆ ಬೇರೆ.

ಹೆಜ್ಜೆ 1: ಆ ಹಾಡು ಯಾರ್‍ಯಾರದ್ದು ಅಂತ ಬಿಡಿಸಿ

ಒಂದು ಹಾಡಿನಲ್ಲಿ ಕನಿಷ್ಠ ಮೂರು ಹಕ್ಕು ಇರುತ್ತವೆ. ಸಾಹಿತ್ಯದ ಹಕ್ಕು, ಸಂಗೀತ ಸಂಯೋಜನೆಯ ಹಕ್ಕು, ಧ್ವನಿಮುದ್ರಣದ ಹಕ್ಕು. ಮೂರೂ ಒಂದೇ ಕಡೆ ಇರಬೇಕು ಅಂತೇನಿಲ್ಲ. ಮೂಲ ಟ್ರ್ಯಾಕನ್ನೇ ಕತ್ತರಿಸಿ ರೀಮಿಕ್ಸ್ ಮಾಡಿದರೆ ಮೂರನ್ನೂ ಮುಟ್ಟುತ್ತೀರಿ. ಕೀಬೋರ್ಡ್‌ನಲ್ಲಿ ನೀವೇ ನುಡಿಸಿ, ನೀವೇ ಹಾಡಿ ಮಾಡಿದರೆ ಧ್ವನಿಮುದ್ರಣ ತಪ್ಪುತ್ತದೆ, ಉಳಿದೆರಡು ಹಾಗೇ ಇರುತ್ತವೆ.

ಅವಧಿಯನ್ನೂ ನೋಡಿ. ಭಾರತದಲ್ಲಿ ಸಾಹಿತ್ಯ ಮತ್ತು ಸಂಯೋಜನೆಗೆ ಕರ್ತೃ ತೀರಿಕೊಂಡ ಮೇಲೆ 60 ವರ್ಷ, ಧ್ವನಿಮುದ್ರಣಕ್ಕೆ ಬಿಡುಗಡೆಯಾದ ಮೇಲೆ 60 ವರ್ಷ. ಎರಡನ್ನೂ ಮುಂದಿನ ಕ್ಯಾಲೆಂಡರ್ ವರ್ಷದ ಶುರುವಿನಿಂದ ಎಣಿಸುತ್ತಾರೆ. ಅಂದರೆ ಪುರಂದರದಾಸರ ಪದ, ಬಸವಣ್ಣನ ವಚನ ಯಾರ ಸ್ವತ್ತೂ ಅಲ್ಲ, ಎಷ್ಟು ಬೇಕಾದರೂ ರೀಮಿಕ್ಸ್ ಮಾಡಿ. ಆದರೆ ಭೀಮಸೇನ ಜೋಶಿಯವರು ಹಾಡಿದ ದಾಸರ ಪದದ ಕ್ಯಾಸೆಟ್ ಇದೆಯಲ್ಲ, ಆ ಧ್ವನಿಮುದ್ರಣಕ್ಕೆ ಬೇರೆ ಮಾಲೀಕರಿದ್ದಾರೆ, ಅದರ ರಾಗಸಂಯೋಜನೆಗೂ ಇರಬಹುದು. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಕುವೆಂಪು 1994, ಹಾಗಾಗಿ 2054. ಭಾವಗೀತೆ ಹಳೆಯದು, ಯಾರು ಕೇಳ್ತಾರೆ ಅನ್ನುವ ಧೈರ್ಯಕ್ಕೆ ಯಾವ ಆಧಾರವೂ ಇಲ್ಲ. ಜಾನಪದದ ವಿಷಯದಲ್ಲೂ ಇದೇ ಎಚ್ಚರ ಬೇಕು. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳು ಅಂತ ಓಡಾಡುತ್ತಿರುವುದರಲ್ಲಿ ಬಹಳಷ್ಟು ಇತ್ತೀಚೆಗೆ ಯಾರೋ ಬರೆದು, ಯಾರೋ ಹಾಡಿ, ಯಾವುದೋ ಚಾನೆಲ್ ಬಿಡುಗಡೆ ಮಾಡಿದ್ದು. ಹೆಸರಲ್ಲಿ ಜಾನಪದ ಇದ್ದ ಮಾತ್ರಕ್ಕೆ ಅದು ಊರಿನ ಆಸ್ತಿ ಆಗೋದಿಲ್ಲ.

ಒಬ್ಬರ ಅನುಮತಿ ಸಿಕ್ಕಿದರೆ ಸಾಕು ಅಂದುಕೊಳ್ಳುವವರಿಗೆ ಡ್ರೇಕ್ ಕೇಸ್ ಒಳ್ಳೆಯ ಪಾಠ. ಅಮೆರಿಕದ ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ಮಾತಿನ ಸುಮಾರು 35 ಸೆಕೆಂಡಿನ ತುಣುಕನ್ನು ರ‍್ಯಾಪರ್ ಡ್ರೇಕ್ 2013ರ ತಮ್ಮ ಆಲ್ಬಂನಲ್ಲಿ ಬಳಸಿದರು. ಧ್ವನಿಮುದ್ರಣಕ್ಕೆ ಲೈಸೆನ್ಸ್ ತಗೊಂಡಿದ್ದರು, ಸಂಯೋಜನೆಗೆ ತಗೊಂಡಿರಲಿಲ್ಲ. ಅಷ್ಟಕ್ಕೇ ವರ್ಷಗಟ್ಟಲೆ ಕೇಸ್ ನಡೆಯಿತು. ಕೊನೆಗೆ ಗೆದ್ದಿದ್ದು ಡ್ರೇಕ್, ಅದೂ ಫೇರ್ ಯೂಸ್ ಮೇಲೆ. ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 2: ನಿಮ್ಮ ವಿಡಿಯೊಗೆ ಯಾರ ನಿಯಮ ಅಂತ ತಿಳಿದುಕೊಳ್ಳಿ

ಇಲ್ಲಿ ಮೂರು ವ್ಯವಸ್ಥೆಗಳಿವೆ. ಮೊದಲನೆಯದು ಪ್ಲಾಟ್‌ಫಾರ್ಮ್‌ನ ಯಂತ್ರ. ಯೂಟ್ಯೂಬ್‌ನ ಕಂಟೆಂಟ್ ಐಡಿ 2007ರಿಂದ ಇದೆ. ಅದು ಶಬ್ದವನ್ನು ಹೋಲಿಸಿ ನೋಡುತ್ತದೆ, ಅಷ್ಟೆ. ನೀವು ಹಾಡನ್ನು ವಿಮರ್ಶೆ ಮಾಡಿದಿರೋ ಸುಮ್ನೆ ಹಾಕಿದಿರೋ ಅದಕ್ಕೆ ಗೊತ್ತಾಗುವುದಿಲ್ಲ. ಫೇರ್ ಯೂಸ್ ಅನ್ನುವ ಮಾತೇ ಅದರ ಒಳಗಿಲ್ಲ. ಎರಡನೆಯದು ಅಮೆರಿಕದ ಕಾನೂನು. ಯೂಟ್ಯೂಬ್ ಕಂಪನಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅದರ ಟೇಕ್‌ಡೌನ್ ಪದ್ಧತಿ, ಅಂದರೆ ಹಕ್ಕುದಾರರು ದೂರು ಕೊಟ್ಟರೆ ವಿಡಿಯೊ ತೆಗೆಯುವ ಪದ್ಧತಿ, ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆ ಡಿಎಂಸಿಎ ಮೇಲೆ ನಿಂತಿದೆ. ಮೂರನೆಯದು ನಮ್ಮ 1957ರ ಕಾಪಿರೈಟ್ ಕಾಯ್ದೆ. ನೀವು ಕರ್ನಾಟಕದಲ್ಲಿದ್ದು, ಹಾಡು ಬೆಂಗಳೂರಿನ ಆಡಿಯೊ ಕಂಪನಿಯದ್ದಾಗಿದ್ದರೆ ಕೇಸ್ ಬೀಳುವುದು ಇಲ್ಲೇ, ಇಲ್ಲಿನ ಕಾನೂನಿನ ಪ್ರಕಾರವೇ. ಆಗ ಸೆಕ್ಷನ್ 107 ಅಂತ ಬರೆದ ಪ್ಯಾರಾ ತೋರಿಸಿದರೆ ಜಡ್ಜ್ ಸಾಹೇಬರು ಅದನ್ನು ಓದುವ ಗೋಜಿಗೂ ಹೋಗಲಿಕ್ಕಿಲ್ಲ.

ಸ್ಯಾನ್‌ ಹೊಸೆಯಲ್ಲೋ ನ್ಯೂಜೆರ್ಸಿಯಲ್ಲೋ ಇದ್ದುಕೊಂಡು ಕನ್ನಡ ಚಾನೆಲ್ ನಡೆಸುವವರಿಗೆ ಲೆಕ್ಕ ಬೇರೆ. ಅವರಿಗೆ ಮೂರನೇ ಹೆಜ್ಜೆ ನೇರವಾಗಿ ಅನ್ವಯಿಸುತ್ತದೆ. ದಂಡವೂ ಅಲ್ಲಿನ ಲೆಕ್ಕದಲ್ಲೇ: ಹಕ್ಕು ನೋಂದಾಯಿಸಿದ ಕೃತಿಯಾದರೆ ಒಂದೊಂದಕ್ಕೆ ಸಾಮಾನ್ಯವಾಗಿ 750ರಿಂದ 30,000 ಡಾಲರ್, ಬೇಕಂತಲೇ ಮಾಡಿದ್ದು ಅಂತಾದರೆ 1,50,000 ಡಾಲರ್‌ವರೆಗೆ.

ಹೆಜ್ಜೆ 3: ಅಮೆರಿಕದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ

ಒಂದು ಹಾಳೆ ತಗೊಂಡು ನಿಜಕ್ಕೂ ಬರೆಯಿರಿ, ಮುಂದೆ ಯೂಟ್ಯೂಬ್‌ನಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕುವಾಗ ಇದೇ ಹಾಳೆ ಬೇಕಾಗುತ್ತದೆ. ಸೆಕ್ಷನ್ 107 ಕೇಳುವುದು ಇಷ್ಟು: ಯಾವ ಉದ್ದೇಶಕ್ಕೆ ಬಳಸಿದಿರಿ, ಮೂಲ ಕೃತಿ ಎಂಥದ್ದು, ಎಷ್ಟು ತಗೊಂಡಿರಿ, ಮೂಲದ ಮಾರುಕಟ್ಟೆಗೆ ಏನಾಗುತ್ತದೆ. ಪರೀಕ್ಷೆಯ ಥರ ನಾಲ್ಕಕ್ಕೂ ಅಂಕ ಹಾಕಿ ಕೂಡುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ತೂಗುತ್ತಾರೆ. ಎರಡನೆಯದನ್ನು ಈಗಲೇ ಮುಗಿಸಿಬಿಡೋಣ. ಹಾಡು ಸೃಜನಶೀಲ ಕೃತಿ, ಹಾಗಾಗಿ ಆ ಪ್ರಶ್ನೆ ನಿಮ್ಮ ವಿರುದ್ಧವೇ, ಆದರೆ ಅದೊಂದರಿಂದಲೇ ಯಾರೂ ಸೋಲುವುದು ಕಡಿಮೆ.

ಉದ್ದೇಶದ ಪ್ರಶ್ನೆಯಲ್ಲೇ ರೀಮಿಕ್ಸ್ ಮಾಡುವವರು ಜಾಸ್ತಿ ಎಡವುವುದು. ಪಿಚ್ ಬದಲಿಸಿದ್ದೇನೆ, ಬೇಸ್ ಏರಿಸಿದ್ದೇನೆ, ಹೊಸ ಬೀಟ್ ಹಾಕಿದ್ದೇನೆ, ಹಾಗಾಗಿ ಇದು ಹೊಸ ಕೃತಿ ಅಂತ ವಾದಿಸುತ್ತಾರೆ. ಹಾಡನ್ನು ಬದಲಿಸಿ ಇನ್ನೊಂದು ರೂಪ ಕೊಡುವುದು ಮೂಲ ಹಕ್ಕುದಾರರದ್ದೇ ಹಕ್ಕು, ಕಾಯ್ದೆಯಲ್ಲೇ ಬರೆದಿದೆ. ಅಂದರೆ ಎಷ್ಟು ಬದಲಿಸಿದ್ದೀರಿ ಅಂತ ತೋರಿಸಿದಷ್ಟೂ ನೀವು ಅವರ ಹಕ್ಕನ್ನು ಬಳಸಿದ್ದೀರಿ ಅಂತ ನೀವೇ ಹೇಳಿದಂತಾಗುತ್ತದೆ. ಕೋರ್ಟ್ ನೋಡುವುದು ಬೇರೆಯದನ್ನು. ಮೂಲ ಹಾಡು ಮಾಡದ ಯಾವ ಕೆಲಸವನ್ನು ನಿಮ್ಮ ವಿಡಿಯೊ ಮಾಡುತ್ತಿದೆ? ಆ ಕೆಲಸಕ್ಕೆ ಈ ಹಾಡೇ ಯಾಕೆ ಬೇಕಿತ್ತು?

1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಕ್ಯಾಂಪ್‌ಬೆಲ್ ಕೇಸ್ ಇದರ ಬುನಾದಿ. 2 ಲೈವ್ ಕ್ರೂ ಎಂಬ ರ‍್ಯಾಪ್ ತಂಡ ರಾಯ್ ಆರ್ಬಿಸನ್ ಅವರ ಪ್ರಸಿದ್ಧ ಹಾಡೊಂದರ ಮೊದಲ ಸಾಲನ್ನೂ ಗಿಟಾರ್ ರಿಫ್ಫನ್ನೂ ಎತ್ತಿಕೊಂಡು ಅದನ್ನೇ ಲೇವಡಿ ಮಾಡಿತ್ತು. ಮೊದಲು ಅನುಮತಿ ಕೇಳಿದ್ದರು, ಮಾಲೀಕರು ಇಲ್ಲ ಅಂದಿದ್ದರು. ಆದರೂ ಇದು ಫೇರ್ ಯೂಸ್ ಆಗಬಹುದು ಅಂತ ಕೋರ್ಟ್ ಹೇಳಿತು, ಯಾಕೆಂದರೆ ಲೇವಡಿಯ ಗುರಿ ಆ ಹಾಡೇ ಆಗಿತ್ತು. ಅನುಮತಿ ಕೇಳಿ ಇಲ್ಲ ಅನ್ನಿಸಿಕೊಂಡಿದ್ದರಿಂದ ಕೇಸ್ ದುರ್ಬಲ ಆಗುವುದಿಲ್ಲ ಅಂತಲೂ ಹೇಳಿತು. ಆದರೆ ರಾಜಕಾರಣಿಯನ್ನೋ ಟ್ರಾಫಿಕ್ಕನ್ನೋ ಗೇಲಿ ಮಾಡಲು ಒಂದು ಜನಪ್ರಿಯ ಟ್ಯೂನ್ ಎತ್ತಿಕೊಂಡರೆ ಈ ರಕ್ಷಣೆ ಬಹಳ ತೆಳುವಾಗುತ್ತದೆ. ನಮ್ಮ ಟ್ರೋಲ್ ವಿಡಿಯೊಗಳಲ್ಲಿ ಹೆಚ್ಚಿನವು ಈ ಎರಡನೇ ಗುಂಪಿನವು.

2023ರಲ್ಲಿ ಬಂದ ವಾರ್ಹೋಲ್ ತೀರ್ಪು ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು. ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ತೆಗೆದ ಗಾಯಕ ಪ್ರಿನ್ಸ್ ಅವರ ಫೋಟೊವನ್ನು ಆಂಡಿ ವಾರ್ಹೋಲ್ ಬಣ್ಣದ ಚಿತ್ರ ಮಾಡಿದ್ದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದು ಪತ್ರಿಕೆಯ ಮುಖಪುಟಕ್ಕೆ ಹೋಯಿತು. ಹೊಸ ಶೈಲಿ, ಹೊಸ ಅರ್ಥ ಇದ್ದರೆ ಸಾಲದು, ಎರಡೂ ಚಿತ್ರ ಪತ್ರಿಕೆಗೆ ಪ್ರಿನ್ಸ್ ಚಿತ್ರ ಕೊಡುವ ಒಂದೇ ಕೆಲಸ ಮಾಡಿವೆ ಅಂತ 7-2ರಲ್ಲಿ ತೀರ್ಪಾಯಿತು. ರೀಮಿಕ್ಸ್‌ಗೆ ಇದನ್ನು ಅನ್ವಯಿಸಿ ನೋಡಿ. ಮೂಲ ಹಾಡು ಕೇಳಿ ಖುಷಿಪಡಲು ಇದೆ, ರೀಮಿಕ್ಸೂ ಕೇಳಿ ಖುಷಿಪಡಲೇ ಇದೆ. ಒಂದೇ ಕೆಲಸ.

ಈಗ ನಮ್ಮ ಎರಡು ವಿಡಿಯೊ. ಡ್ರೋನ್ ವಿಡಿಯೊದಲ್ಲಿ ಈ ಹಾಡೇ ಯಾಕೆ ಅಂದರೆ ಚೆನ್ನಾಗಿದೆ, ಮೂಡ್ ಬರುತ್ತದೆ, ಜನ ನೋಡುತ್ತಾರೆ ಅನ್ನುವುದಷ್ಟೇ ಉತ್ತರ. ಬೇರೆ ನೂರು ಹಾಡು ಅಲ್ಲಿ ಕೂರುತ್ತವೆ. ಹಾಗಿದ್ದರೆ ಲೈಸೆನ್ಸ್ ಬೇಕು, ಮುಗಿಯಿತು. ಪಾಠದ ವಿಡಿಯೊದಲ್ಲಿ ಆ ಹಾಡನ್ನು ತೆಗೆದರೆ ವಿಡಿಯೊನೇ ಇರುವುದಿಲ್ಲ, ಅಲ್ವಾ? ಡ್ರೇಕ್ ಗೆದ್ದಿದ್ದೂ ಹೀಗೆಯೇ. ಜಾಝ್ ಮಾತ್ರ ಉಳಿಯುವ ಸಂಗೀತ, ಉಳಿದದ್ದೆಲ್ಲ ಹೋಗುತ್ತದೆ ಎಂಬ ಜಿಮ್ಮಿ ಸ್ಮಿತ್ ಮಾತನ್ನು ಅವರು ಕತ್ತರಿಸಿ, ಯಾವ ಪ್ರಕಾರವೇ ಆಗಲಿ, ನಿಜವಾದ ಸಂಗೀತ ಉಳಿಯುತ್ತದೆ ಅನ್ನುವ ಅರ್ಥ ಬರುವ ಹಾಗೆ ತಿರುಗಿಸಿದ್ದರು. ಮೂಲಕ್ಕೇ ಎದುರುತ್ತರ ಕೊಟ್ಟಂತಾಯಿತು. 2020ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು.

ಎಷ್ಟು ತಗೊಂಡಿರಿ ಅನ್ನುವುದು ಮೂರನೆಯದು. 10 ಸೆಕೆಂಡ್, 15 ಸೆಕೆಂಡ್, 30 ಸೆಕೆಂಡ್ ಅಂತೆಲ್ಲ ಹೇಳುವ ನಿಯಮ ಯಾವ ದೇಶದ ಕಾಯ್ದೆಯಲ್ಲೂ ನನಗೆ ಕಂಡಿಲ್ಲ, ಅಮೆರಿಕ ಮತ್ತು ಭಾರತದ ಕಾಯ್ದೆಗಳಲ್ಲಂತೂ ಇಲ್ಲವೇ ಇಲ್ಲ. ಅಮೆರಿಕದ ಕೋರ್ಟ್‌ಗಳೇ ಒಂದು ಮಾತಿಗೆ ಬಂದಿಲ್ಲ. ಧ್ವನಿಮುದ್ರಣದಿಂದ ಎರಡು ಸೆಕೆಂಡ್ ಸ್ಯಾಂಪಲ್ ಮಾಡಿದರೂ ಲೈಸೆನ್ಸ್ ತಗೊಳ್ಳಿ, ಇಲ್ಲವೇ ಮಾಡಬೇಡಿ ಅಂತ 2005ರ ಬ್ರಿಜ್‌ಪೋರ್ಟ್ ಕೇಸಿನಲ್ಲಿ ಆರನೇ ಸರ್ಕ್ಯೂಟ್ (ಅಲ್ಲಿನ ಒಂದು ಪ್ರಾದೇಶಿಕ ಮೇಲ್ಮನವಿ ಕೋರ್ಟ್) ಹೇಳಿತು. ಮಡೊನ್ನಾ ಹಾಡಿನಲ್ಲಿ ಬಳಸಿದ 0.23 ಸೆಕೆಂಡಿನ ಹಾರ್ನ್ ಸದ್ದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು ಅಂತ 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ಹೇಳಿತು. ಇತ್ತ 2017ರಲ್ಲಿ ಯೂಟ್ಯೂಬ್‌ನ ಎಚ್3ಎಚ್3 ಚಾನೆಲ್‌ನವರು ಬೇರೊಬ್ಬರ 5 ನಿಮಿಷ 24 ಸೆಕೆಂಡಿನ ವಿಡಿಯೊದಲ್ಲಿ 3 ನಿಮಿಷ 15 ಸೆಕೆಂಡ್ ಬಳಸಿಯೂ ಗೆದ್ದರು. ಅದು ಹಾಡಿನ ಕೇಸ್ ಅಲ್ಲ, ನಿಜ. ಆದರೆ ಅವರು ತುಣುಕು ತೋರಿಸಿ ನಿಲ್ಲಿಸಿ, ಟೀಕೆ ಮಾಡಿ, ಮತ್ತೆ ತುಣುಕು ತೋರಿಸಿ ಮುಂದೆ ಹೋಗಿದ್ದರು. ಒಟ್ಟು ಎಷ್ಟು ಸೆಕೆಂಡ್ ಅನ್ನುವುದಕ್ಕಿಂತ ಪ್ರತಿ ತುಣುಕಿಗೂ ಒಂದು ಕಾರಣ ಇದೆಯಾ ಅನ್ನುವುದು ಮುಖ್ಯ. ಹಾಡಿನ ಜೀವ ಇರುವ ಸಾಲು, ಅಂದರೆ ಜನ ಗುನುಗುವ ಪಲ್ಲವಿ, ಅದನ್ನು ತಗೊಂಡರೆ ಕಡಿಮೆ ಸೆಕೆಂಡೂ ಜಾಸ್ತಿ ಅನ್ನಿಸುತ್ತದೆ.

ಕೊನೆಯದು ಮಾರುಕಟ್ಟೆ. ನಿಮ್ಮ ವಿಡಿಯೊ ಕೇಳಿದವರು ಮೂಲ ಹಾಡು ಕೇಳುವುದು ಬಿಟ್ಟುಬಿಡುತ್ತಾರಾ ಅಂತ ಮಾತ್ರ ನೋಡುವುದಲ್ಲ, ಲೈಸೆನ್ಸ್ ಕೊಟ್ಟು ರೀಮಿಕ್ಸ್ ಮಾಡಿಸುವ ಮಾಲೀಕರ ಅವಕಾಶಕ್ಕೆ ಏಟು ಬೀಳುತ್ತದಾ ಅಂತಲೂ ನೋಡುತ್ತಾರೆ. ಕ್ಯಾಂಪ್‌ಬೆಲ್ ಕೇಸಿನಲ್ಲೇ ಸುಪ್ರೀಂ ಕೋರ್ಟ್, ಆ ಹಾಡಿನ ಲೇವಡಿಯಲ್ಲದ ರ‍್ಯಾಪ್ ವರ್ಷನ್‌ಗೆ ಇದ್ದ ಮಾರುಕಟ್ಟೆಯ ಬಗ್ಗೆ ಸಾಕ್ಷ್ಯ ಬೇಕು ಅಂತ ಕೇಸನ್ನು ಕೆಳಗಿನ ಕೋರ್ಟ್‌ಗೆ ವಾಪಸ್ ಕಳಿಸಿತ್ತು. ನಮ್ಮಲ್ಲಿ ಆಡಿಯೊ ಕಂಪನಿಗಳೇ ಅಧಿಕೃತ ರೀಮಿಕ್ಸ್, ಲೋಫೈ, ಸ್ಲೋ ವರ್ಷನ್ ಬಿಡುತ್ತಿವೆ. ಅಂದಮೇಲೆ ನಿಮ್ಮ ಸ್ಲೋ ಪ್ಲಸ್ ರಿವರ್ಬ್ ನೇರವಾಗಿ ಅವರ ಅಂಗಡಿಯ ಮುಂದೆಯೇ ಕೂತಿದೆ. ಪಾಠದ ವಿಡಿಯೊ ಕೇಳಿ ಯಾರೂ ಮೂಲ ಹಾಡು ಬೇಡ ಅನ್ನುವುದಿಲ್ಲ, ಬಹುಶಃ ಹುಡುಕಿಕೊಂಡು ಹೋಗುತ್ತಾರೆ.

ದುಡ್ಡು ಮಾಡುತ್ತಿಲ್ಲ ಅನ್ನುವುದು ಸ್ವಲ್ಪ ನೆರವಾಗುತ್ತದೆ, ಆದರೆ ಅದೇ ಉತ್ತರ ಅಲ್ಲ. ಕೃಪೆ, ಕ್ರೆಡಿಟ್ಸ್ ಅಂತ ಹಾಕುವುದು ಸಜ್ಜನಿಕೆ, ಅನುಮತಿ ಅಲ್ಲ.

ಹೆಜ್ಜೆ 4: ಭಾರತದ ಸೆಕ್ಷನ್ 52 ಓದಿ, ಅಲ್ಲಿ ಬಾಗಿಲು ಚಿಕ್ಕದು

ನಮ್ಮಲ್ಲಿರುವುದು ಫೇರ್ ಡೀಲಿಂಗ್. ಅಮೆರಿಕದಲ್ಲಿ ಉದ್ದೇಶಗಳ ಪಟ್ಟಿ ತೆರೆದೇ ಇದೆ, ನಮ್ಮಲ್ಲಿ ಮುಚ್ಚಿದೆ. ಸೆಕ್ಷನ್ 52(1)(ಎ) ಪ್ರಕಾರ ಖಾಸಗಿ ಬಳಕೆ (ಸಂಶೋಧನೆಯೂ ಸೇರಿ), ಆ ಕೃತಿಯ ಅಥವಾ ಬೇರೆ ಕೃತಿಯ ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ, ಈ ಮೂರರಲ್ಲಿ ನಿಮ್ಮ ಕೆಲಸ ಕೂರಬೇಕು. ಕೂರದಿದ್ದರೆ ಎಷ್ಟು ನ್ಯಾಯವಾಗಿ ಬಳಸಿದಿರಿ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಯೂಟ್ಯೂಬ್‌ಗೆ ಹಾಕಿದ ಮೇಲೆ ಖಾಸಗಿ ಅನ್ನುವುದು ಹೋಯಿತು. ರೀಮಿಕ್ಸ್‌ಗೆ ಉಳಿಯುವುದು ವಿಮರ್ಶೆಯೊಂದೇ. ಡ್ರೋನ್ ವಿಡಿಯೊ ಇಲ್ಲಿ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಲೇವಡಿಗೂ ವಿಮರ್ಶೆಯ ಕೊಡೆಯಡಿ ಜಾಗ ಸಿಕ್ಕಿದ್ದಿದೆ. 1996ರಲ್ಲಿ ಕೇರಳ ಹೈಕೋರ್ಟ್ ಮುಂದೆ ಬಂದ ಸಿವಿಕ್ ಚಂದ್ರನ್ ಕೇಸಿನಲ್ಲಿ, ತೋಪ್ಪಿಲ್ ಭಾಸಿ ಅವರ ನಾಟಕವನ್ನು ಟೀಕಿಸಲು ಬರೆದ ಪ್ರತಿನಾಟಕ ಮೂಲದ ಪಾತ್ರಗಳನ್ನೂ ಸಂಭಾಷಣೆಗಳನ್ನೂ ಎತ್ತಿಕೊಂಡಿತ್ತು. ಕೋರ್ಟ್ ಅದರ ಪ್ರದರ್ಶನ ತಡೆಯಲಿಲ್ಲ. ಹಾಡಿನ ಸಣ್ಣ ತುಣುಕಿಗೆ ಸಂಬಂಧಿಸಿದ್ದು ಇನ್ನೊಂದಿದೆ. ನಮ್ಮ ಬೆಂಗಳೂರಿನ ವಸುಂಧರಾ ದಾಸ್ ಒಂದು ಟಿವಿ ಕಾರ್ಯಕ್ರಮದಲ್ಲಿ ತಾವೇ ಹಾಡಿದ್ದ ಸಿನಿಮಾ ಹಾಡುಗಳ ಕೆಲವು ಸಾಲು ಹಾಡಿದ್ದರು. ಅದಕ್ಕೆ ಹಕ್ಕುದಾರರು ಚಾನೆಲ್ ಮೇಲೆ ಕೇಸ್ ಹಾಕಿದರು. 2012ರಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ, ಇಷ್ಟು ಚಿಲ್ಲರೆ ಬಳಕೆಯನ್ನು ಉಲ್ಲಂಘನೆ ಅಂತ ಹಿಡಿಯುವ ಅಗತ್ಯ ಇಲ್ಲ ಎಂಬ ನಿಲುವು ತಗೊಂಡಿತು. ಇದನ್ನು ನಂಬಿ ಇಡೀ ಹಾಡು ಹಾಕಲು ಹೋಗಬೇಡಿ, ಅಲ್ಲಿದ್ದದ್ದು ಮಾತುಕತೆಯ ಮಧ್ಯೆ ಬಂದ ಸಾಲುಗಳು.

ಕವರ್ ವರ್ಷನ್‌ಗೆ ಅನುಮತಿ ಬೇಡ ಅನ್ನುವ ಹಳೇ ನಂಬಿಕೆ ಬಂದಿದ್ದು ಕ್ಯಾಸೆಟ್ ಕಾಲದ ಒಂದು ನಿಯಮದಿಂದ. 2012ರ ತಿದ್ದುಪಡಿ ಅದನ್ನು ತೆಗೆದು ಸೆಕ್ಷನ್ 31ಸಿ ತಂದಿತು. ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಗಡ ಕಟ್ಟಬೇಕು, ಹಾಡನ್ನು ಅಗತ್ಯಕ್ಕಿಂತ ಹೆಚ್ಚು ಬದಲಿಸಬಾರದು. ಅದೂ ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೊಗೆ ಅಲ್ಲ. ರೀಮಿಕ್ಸ್ ಮಾಡುವವರಿಗೆ ಇದರಿಂದ ಏನೂ ಉಪಯೋಗ ಇಲ್ಲ.

ಇನ್ನೆರಡು ವಿಷಯ. ಸೆಕ್ಷನ್ 57 ಕರ್ತೃವಿಗೆ ನೈತಿಕ ಹಕ್ಕು ಕೊಡುತ್ತದೆ, ಗಾಯಕರಿಗೆ 38ಬಿ. ಹಕ್ಕನ್ನು ಕಂಪನಿಗೆ ಮಾರಿದ ಮೇಲೂ ಇದು ಅವರಲ್ಲೇ ಉಳಿಯುತ್ತದೆ. ಭಕ್ತಿಗೀತೆಗೆ ಅಸಹ್ಯ ದೃಶ್ಯ ಅಂಟಿಸಿದರೆ ಕಂಪನಿ ಸುಮ್ಮನಿದ್ದರೂ ಕರ್ತೃ ಸುಮ್ಮನಿರಬೇಕಿಲ್ಲ. ಎಐ ಬಳಸಿ ಹೆಸರಾಂತ ಗಾಯಕರ ದನಿಯಲ್ಲಿ ಹೊಸ ಹಾಡು ಹಾಡಿಸುವವರು ಬಾಂಬೆ ಹೈಕೋರ್ಟ್ 2024ರಲ್ಲಿ ಅರಿಜಿತ್ ಸಿಂಗ್ ಪರ ಕೊಟ್ಟ ಆದೇಶ ಓದಬೇಕು. ದನಿಯೂ ವ್ಯಕ್ತಿಯ ಸ್ವತ್ತು ಅಂತ ಅದು ಹೇಳಿದೆ.

ಮತ್ತೆ, ನಮ್ಮಲ್ಲಿ ಇದು ಬರೀ ದುಡ್ಡಿನ ಕೇಸ್ ಅಲ್ಲ. ಸೆಕ್ಷನ್ 63ರಡಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಮಾಡಿದ್ದಲ್ಲ ಅಂತಾದರೆ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಈ ಅಪರಾಧದಲ್ಲಿ ಪೊಲೀಸರು ನೇರವಾಗಿ ಕೇಸ್ ದಾಖಲಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಅಂತ 2022ರ ನಿಟ್ ಪ್ರೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರದ ಉದಾಹರಣೆ ಬೇಕಿಲ್ಲ. 2022ರಲ್ಲಿ ಕೆಜಿಎಫ್ 2 ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದ್ದಾರೆ ಅಂತ ಆಡಿಯೊ ಕಂಪನಿ ಎಂಆರ್‌ಟಿ ಮ್ಯೂಸಿಕ್ ಬೆಂಗಳೂರಿನಲ್ಲಿ ದೂರು ಕೊಟ್ಟಿತು. ಕಾಂಗ್ರೆಸ್‌ನ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಿರಿ ಅಂತ ವಾಣಿಜ್ಯ ನ್ಯಾಯಾಲಯ ಆದೇಶಿಸಿತು. ಆ ವಿಡಿಯೊ ತೆಗೆಯಬೇಕು ಎಂಬ ಷರತ್ತಿನ ಮೇಲೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಎಫ್ಐಆರ್ ರದ್ದು ಮಾಡಲು 2023ರ ಜೂನ್‌ನಲ್ಲಿ ಅದೇ ಹೈಕೋರ್ಟ್ ಒಪ್ಪಲಿಲ್ಲ. ದೊಡ್ಡ ಪಕ್ಷಕ್ಕೇ ಹೀಗಾದರೆ 40 ಸಾವಿರ ಸಬ್‌ಸ್ಕ್ರೈಬರ್ ಇರುವ ಚಾನೆಲ್ ಎಷ್ಟರದ್ದು!

ಹೆಜ್ಜೆ 5: ಎಡಿಟ್ ಟೇಬಲ್ ಮೇಲೆ ವಿಡಿಯೊ ಗಟ್ಟಿ ಮಾಡಿ

ಮೂರು, ನಾಲ್ಕನೇ ಹೆಜ್ಜೆ ದಾಟಿದ ವಿಡಿಯೊಗೆ ಮಾತ್ರ ಇದು. ಮಾತು ಮೊದಲು ರೆಕಾರ್ಡ್ ಮಾಡಿ, ಆಮೇಲೆ ಯಾವ ವಾಕ್ಯಕ್ಕೆ ಹಾಡಿನ ಯಾವ ತುಣುಕು ಬೇಕು ಅಂತ ಹುಡುಕಿ. ಹಾಡು ಮೊದಲು ಹಾಕಿ ಮೇಲೆ ಮಾತು ಸುರಿದರೆ ತುಣುಕುಗಳು ತಾನಾಗಿ ಉದ್ದವಾಗುತ್ತವೆ. ಬೇಸ್ ಬಗ್ಗೆ ಮಾತಾಡುತ್ತಿದ್ದರೆ ಬೇಸ್ ಸ್ಟೆಮ್ (ಬೇರ್ಪಡಿಸಿದ ಬೇಸ್ ಟ್ರ್ಯಾಕ್) ಮಾತ್ರ ಕೇಳಿಸಿ, ಗಾಯಕರ ದನಿ ಯಾಕೆ? ಸ್ವರಸಂಚಾರ ತೋರಿಸಲು ಹಾರ್ಮೋನಿಯಂನಲ್ಲಿ ನೀವೇ ನುಡಿಸಿದರೆ ಧ್ವನಿಮುದ್ರಣದ ಹಕ್ಕಿನ ರಗಳೆಯೇ ಇಲ್ಲ. ನಿಮ್ಮ ರೀಮಿಕ್ಸನ್ನು ತುಂಡು ತುಂಡಾಗಿ, ವಿವರಣೆಯ ನಡುವೆ ಕೇಳಿಸಿ. ಪೂರ್ತಿ ರೀಮಿಕ್ಸನ್ನು ಕೊನೆಯಲ್ಲಿ ಒಂದೇ ಸಲಕ್ಕೆ ಬಿಟ್ಟರೆ ಆ ಭಾಗ ಮತ್ತೆ ಡ್ರೋನ್ ವಿಡಿಯೊದ ಗುಂಪಿಗೇ ಸೇರುತ್ತದೆ. ಎಷ್ಟೋ ಒಳ್ಳೆಯ ವಿಶ್ಲೇಷಣೆಯ ವಿಡಿಯೊಗಳು ಈ ಕೊನೆಯ ಎರಡು ನಿಮಿಷದ ಆಸೆಗೆ ಕೆಡುತ್ತವೆ.

ಹೆಜ್ಜೆ 6: ಫೇರ್ ಯೂಸ್ ಅಲ್ಲ ಅಂತಾದರೆ ಬೇರೆ ದಾರಿ ಹಿಡಿಯಿರಿ

ಡ್ರೋನ್ ವಿಡಿಯೊಗೆ ಸಿಂಕ್ ಲೈಸೆನ್ಸ್, ಅಂದರೆ ಹಾಡನ್ನು ದೃಶ್ಯಕ್ಕೆ ಕೂರಿಸುವ ಅನುಮತಿ, ಬೇಕು. ಹಾಡಿನ ಹಕ್ಕು ಇರುವ ಆಡಿಯೊ ಕಂಪನಿಗೆ ಮೇಲ್ ಮಾಡಿ. ಹಾಡಿನ ಹೆಸರು, ಎಷ್ಟು ಸೆಕೆಂಡ್, ಯಾವ ಪ್ಲಾಟ್‌ಫಾರ್ಮ್, ಬದಲಾವಣೆ ಏನು, ಜಾಹೀರಾತು ಇದೆಯಾ, ಇಷ್ಟನ್ನು ಮೊದಲ ಮೇಲ್‌ನಲ್ಲೇ ಬರೆಯಿರಿ. ರೀಮಿಕ್ಸ್ ಅಂತ ಸ್ಪಷ್ಟವಾಗಿ ಹೇಳಿ, ಸಿಂಕ್‌ಗೆ ಒಪ್ಪಿದವರು ಬದಲಿಸಲು ಒಪ್ಪಿದ್ದಾರೆ ಅಂತೇನಿಲ್ಲ.

ದುಡ್ಡಿಲ್ಲದಿದ್ದರೆ ಯೂಟ್ಯೂಬ್ ಆಡಿಯೊ ಲೈಬ್ರರಿ ಇದೆ, ಕ್ರಿಯೇಟಿವ್ ಕಾಮನ್ಸ್ ಸಂಗೀತ (ಕರ್ತೃಗಳೇ ಷರತ್ತು ಹಾಕಿ ಮುಕ್ತವಾಗಿ ಬಿಟ್ಟದ್ದು) ಇದೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಒಂದು ಸೂಕ್ಷ್ಮ ತುಂಬಾ ಜನರಿಗೆ ಗೊತ್ತಿಲ್ಲ. ಎನ್‌ಡಿ (ಬದಲಿಸುವಂತಿಲ್ಲ) ಅಂತ ಇರುವ ಲೈಸೆನ್ಸ್‌ನ ಹಾಡನ್ನು ಒಂದಕ್ಷರ ಬದಲಿಸದೆ ವಿಡಿಯೊಗೆ ಕೂರಿಸಿದರೂ ಅದು ಬದಲಾವಣೆ ಅಂತಲೇ ಲೆಕ್ಕ, ಹಾಗಂತ ಲೈಸೆನ್ಸ್‌ನಲ್ಲೇ ಬರೆದಿದ್ದಾರೆ. ಹಾಗಾಗಿ ವಿಡಿಯೊಗೆ ಎನ್‌ಡಿ ಬೇಡವೇ ಬೇಡ. ಎನ್‌ಸಿ (ವಾಣಿಜ್ಯ ಬಳಕೆ ಇಲ್ಲ) ಇದ್ದರೆ ಮಾನಿಟೈಸ್ ಮಾಡಬೇಡಿ.

ಶಾರ್ಟ್ಸ್, ರೀಲ್ಸ್ ಆ್ಯಪ್‌ನ ಒಳಗೇ ಸಿಗುವ ಹಾಡುಗಳು ಆ ಪ್ಲಾಟ್‌ಫಾರ್ಮ್ ಲೇಬಲ್‌ಗಳ ಜೊತೆ ಮಾಡಿಕೊಂಡ ಒಪ್ಪಂದದ ಮೇಲೆ ನಿಂತಿವೆ. ವೈಯಕ್ತಿಕ ವಿಡಿಯೊಗೆ ಸರಿ. ಸೀರೆ ಅಂಗಡಿಯ ಪ್ರಚಾರಕ್ಕೆ ಅದನ್ನೇ ಬಳಸಿದರೆ ತಕರಾರು ಏಳಬಹುದು. ಅಮೆರಿಕದ ಬ್ಯಾಂಗ್ ಎನರ್ಜಿ ಡ್ರಿಂಕ್ ಕಂಪನಿ ತನ್ನ ಟಿಕ್‌ಟಾಕ್ ಪ್ರಚಾರದ ವಿಡಿಯೊಗಳಲ್ಲಿ ಹಾಡು ಬಳಸಿ 2022ರಲ್ಲಿ ಸೋನಿ, ಯೂನಿವರ್ಸಲ್ ಎರಡರ ಕೈಯಲ್ಲೂ ಕೋರ್ಟ್‌ನಲ್ಲಿ ಸೋತಿತು.

ಹೆಜ್ಜೆ 7: ಕ್ಲೈಮ್ ಬಂದರೆ ಗಾಬರಿ ಬೀಳಬೇಡಿ, ಸ್ಟ್ರೈಕ್ ಬಂದರೆ ಉದಾಸೀನ ಮಾಡಬೇಡಿ

ಅಪ್‌ಲೋಡ್ ಮಾಡಿದ ಕೂಡಲೇ ಪಬ್ಲಿಶ್ ಒತ್ತಬೇಡಿ, ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಪಿರೈಟ್ ಚೆಕ್ಸ್ ಮುಗಿಯಲಿ. ಕಂಟೆಂಟ್ ಐಡಿ ಕ್ಲೈಮ್ ಬಂದರೆ, ಅಂದರೆ ಈ ಹಾಡು ಇಂಥವರದ್ದು ಅಂತ ಯಂತ್ರ ಗುರುತಿಸಿದರೆ, ಅದು ಸ್ಟ್ರೈಕ್ (ಟೇಕ್‌ಡೌನ್ ದೂರಿನಿಂದ ಚಾನೆಲ್ ಮೇಲೆ ಬೀಳುವ ಕಪ್ಪುಚುಕ್ಕೆ) ಅಲ್ಲ. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ, ಅಥವಾ ಕೆಲವು ದೇಶಗಳಲ್ಲಿ ವಿಡಿಯೊ ಬ್ಲಾಕ್ ಆಗುತ್ತದೆ. ಡ್ರೋನ್ ವಿಡಿಯೊ ಥರದ್ದಾದರೆ ಒಪ್ಪಿಕೊಳ್ಳಿ, ಇಲ್ಲವೇ ಆ ಭಾಗ ಕತ್ತರಿಸಿ ಅಥವಾ ಹಾಡು ಬದಲಿಸಿ.

ಪಾಠದ ವಿಡಿಯೊ ಆದರೆ ಡಿಸ್ಪ್ಯೂಟ್ ಹಾಕಿ. ಐದು ದಿನದೊಳಗೆ ಹಾಕಿದರೆ ಮೊದಲ ದಿನದಿಂದ ಬಂದ ಜಾಹೀರಾತಿನ ದುಡ್ಡನ್ನು ಯೂಟ್ಯೂಬ್ ತೆಗೆದಿಡುತ್ತದೆ, ಗೆದ್ದವರಿಗೆ ಕೊಡುತ್ತದೆ. ಮೂರನೇ ಹೆಜ್ಜೆಯ ಹಾಳೆ ಈಗ ತೆಗೆಯಿರಿ. ಇದು ಫೇರ್ ಯೂಸ್ ಅಂತ ಒಂದು ಸಾಲು ಬರೆದರೆ ಯಾರೂ ಓದುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘2:10ರಿಂದ 2:19ರವರೆಗಿನ ತುಣುಕು ಮೂಲದ ತಾಳವನ್ನು ವಿವರಿಸಲು ಇದೆ, 2:20ರಿಂದ ಅದೇ ತಾಳದ ವಿಶ್ಲೇಷಣೆ ಶುರುವಾಗುತ್ತದೆ, ಹಾಡು ಎಲ್ಲೂ ಪೂರ್ತಿಯಾಗಿ ಕೇಳಿಸುವುದಿಲ್ಲ.’ ಇಂಗ್ಲಿಷ್‌ನಲ್ಲಿ ಬರೆದರೆ ಒಳ್ಳೆಯದು, ಓದುವವರಿಗೆ ಕನ್ನಡ ಬರದಿರಬಹುದು. ಉತ್ತರ ಕೊಡಲು ಅವರಿಗೆ 30 ದಿನ ಇದೆ, ಕೊಡದಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಅಪೀಲು ಹಾಕಬಹುದು, ಆಗ ಅವರಿಗೆ ಇರುವುದು 7 ದಿನ. ಆದರೆ ಅಪೀಲಿನ ನಂತರ ಅವರು ಟೇಕ್‌ಡೌನ್ ಕೊಟ್ಟರೆ ನಿಮಗೆ ಸ್ಟ್ರೈಕ್. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ಹಾಗಾಗಿ ನಿಮ್ಮ ಹಾಳೆ ನಿಜಕ್ಕೂ ಗಟ್ಟಿಯಾಗಿದ್ದರೆ ಮಾತ್ರ ಅಪೀಲಿಗೆ ಹೋಗಿ.

ಟೇಕ್‌ಡೌನ್ ಕೊಡುವ ಮೊದಲು ಹಕ್ಕುದಾರರೂ ಫೇರ್ ಯೂಸ್ ಬಗ್ಗೆ ಯೋಚಿಸಲೇಬೇಕು ಅಂತ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ 2015ರಲ್ಲಿ ಹೇಳಿದೆ. ಮಗುವೊಂದು ಅಡುಗೆಮನೆಯಲ್ಲಿ ಕುಣಿಯುತ್ತಿದ್ದ 29 ಸೆಕೆಂಡಿನ ವಿಡಿಯೊ, ಹಿಂದೆ ಮಸುಕಾಗಿ ಕೇಳುತ್ತಿದ್ದ ಒಂದು ಹಾಡು, ಅದರ ಮೇಲೆ 2007ರಲ್ಲಿ ಶುರುವಾದ ಲೆಂಜ್ ಕೇಸ್ ಅದು. ಹಾಡು ಯಾರದ್ದು ಅಂದರೆ ಅದೇ ಪ್ರಿನ್ಸ್ ಅವರದ್ದು! 2018ರಲ್ಲಿ ರಾಜಿಯಾಗುವ ಹೊತ್ತಿಗೆ ಆ ಮಗು ಹೈಸ್ಕೂಲ್ ವಯಸ್ಸು ಸಮೀಪಿಸಿತ್ತು. ಆ ತಾಯಿಯ ಪರವಾಗಿ ಒಂದು ಡಿಜಿಟಲ್ ಹಕ್ಕುಗಳ ಸಂಸ್ಥೆ ನಿಂತಿತ್ತು ಅನ್ನುವುದನ್ನೂ ಮರೆಯಬೇಡಿ.

ಸ್ಟ್ರೈಕ್ ಬಂದಮೇಲೆ ಉಳಿಯುವುದು ಮೂರು ದಾರಿ: 90 ದಿನ ಕಾಯುವುದು, ಹಕ್ಕುದಾರರನ್ನು ಕೇಳಿ ವಾಪಸ್ ತೆಗೆಸುವುದು, ಅಥವಾ ಕೌಂಟರ್ ನೋಟಿಫಿಕೇಶನ್, ಅಂದರೆ ವಿಡಿಯೊ ತೆಗೆದದ್ದು ತಪ್ಪು ಅಂತ ಕೊಡುವ ಕಾನೂನುಬದ್ಧ ಉತ್ತರ. ಮೂರನೆಯದಕ್ಕೆ ಕೈಹಾಕುವ ಮೊದಲು ಅದರಲ್ಲಿ ಏನಿದೆ ಅಂತ ಓದಿ. ನಿಮ್ಮ ಪೂರ್ತಿ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ. ಸುಳ್ಳಾದರೆ ಶಿಕ್ಷೆಗೆ ಸಿದ್ಧ ಅಂತ ಪ್ರಮಾಣ ಮಾಡುತ್ತೀರಿ. ಅಮೆರಿಕದ ಹೊರಗಿದ್ದರೆ ಯೂಟ್ಯೂಬ್ ಇರುವ ಕಡೆಯ ಫೆಡರಲ್ ಕೋರ್ಟ್‌ನ ವ್ಯಾಪ್ತಿಗೆ ಒಪ್ಪಿಗೆ ಕೊಡುತ್ತೀರಿ, ಅಂದರೆ ಹುಬ್ಬಳ್ಳಿಯಲ್ಲಿ ಕೂತು ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಎದುರಿಸಲು ಸೈ ಹಾಕಿದ ಹಾಗೆ. ಆಮೇಲೆ ಅಮೆರಿಕದ ಲೆಕ್ಕದಲ್ಲಿ 10 ಕೆಲಸದ ದಿನಗಳೊಳಗೆ ಅವರು ಕೇಸ್ ಹಾಕಿದ ದಾಖಲೆ ಕೊಡದಿದ್ದರೆ ವಿಡಿಯೊ ವಾಪಸ್ ಬರುತ್ತದೆ.

ಭಾರತದ ನಿಯಮದಡಿ ಲಿಖಿತ ದೂರು ಹೋಗಿದ್ದರೆ ಲೆಕ್ಕ ಬೇರೆ: 36 ಗಂಟೆಯೊಳಗೆ ವಿಡಿಯೊ ತೆಗೆಯಬೇಕು, 21 ದಿನದೊಳಗೆ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ಪ್ಲಾಟ್‌ಫಾರ್ಮ್ ಅದನ್ನು ಮತ್ತೆ ಹಾಕಬಹುದು.

ವಕೀಲರ ನೋಟಿಸ್ ಅಂಚೆಯಲ್ಲೇ ಮನೆಗೆ ಬಂದರೆ ಕಾಮೆಂಟಲ್ಲಿ, ಲೈವಲ್ಲಿ ಉತ್ತರ ಕೊಡಲು ಹೋಗಬೇಡಿ. ವಿಡಿಯೊವನ್ನು ಪ್ರೈವೇಟ್ ಮಾಡಿ. ಪ್ರಾಜೆಕ್ಟ್ ಫೈಲ್, ಸ್ಕ್ರಿಪ್ಟ್, ಹಾಡು ಎಲ್ಲಿಂದ ತಗೊಂಡಿರಿ ಅನ್ನುವ ದಾಖಲೆ, ಕಳಿಸಿದ ಮೇಲ್‌ಗಳು ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿ, ಏನನ್ನೂ ಅಳಿಸಬೇಡಿ. ನೋಟಿಸ್‌ನಲ್ಲಿ ಕೊಟ್ಟ ಗಡುವು ಗುರುತು ಹಾಕಿಕೊಂಡು ಕಾಪಿರೈಟ್ ಕೇಸ್ ನಡೆಸಿ ಗೊತ್ತಿರುವ ವಕೀಲರನ್ನು ಅಷ್ಟರೊಳಗೆ ಕಾಣಿ.